ನಾಲ್ಕನೆಯ ಸಾಲು

ಮಂಗಳವಾರ, ಏಳೂ ಹತ್ತು. ಚಿಲೋಯೆ ದ್ವೀಪದ ಕಡಲು
ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ.
ಚಿಪ್ಪುಮೀನಿನ ಕಾರ್ಖಾನೆಯ ಊಟದ ಕೋಣೆಯಲ್ಲಿ
ಹನ್ನೊಂದು ಜನ, ಇಪ್ಪತ್ತೆರಡು ರಬ್ಬರ್ ಬೂಟು,
ಕೈಯಿಂದ ಕೈಗೆ ದಾಟುವ ಒಂದೇ ಸೋರೆಬುರುಡೆ.
ಒಳಗಿನ ಕಹಿ ಕಷಾಯಕ್ಕೆ ಅವರು ಮಾತೆ ಅನ್ನುತ್ತಾರೆ;
ನನ್ನ ಕಿವಿಗದು ಒಮ್ಮೆ ತಾಯಿ,
ಒಮ್ಮೆ ಬರೀ ಮಾತೇ.

ಹಿಂದಿನ ಮ್ಯಾನೇಜರ್ ದೋನ್ ಎರಾಲ್ದೊ ಕಾಲದಲ್ಲಿ
ಸಭೆಯೆಂದರೆ ಎರಡು ತಾಸು.
ಮೊದಲು ಹವಾಮಾನ, ಆಮೇಲೆ ಆತನ ಮಂಡಿನೋವು,
ಸಾಂತಿಯಾಗೊ ಸಾಹೇಬರ ಕಾಗದದ ಪಾರಾಯಣ,
ಯಾರೋ ಕದ್ದ ಕೈಗವಸಿನ ಮೂರು ವರ್ಷದ ವಿಚಾರಣೆ.
ಕೊನೆಗೆ, 'ಮುಂದಿನ ವಾರ ನೋಡೋಣ.'
ಮುಂದಿನ ವಾರವೆಂಬಾತ ಆ ಕೋಣೆಯ ಹನ್ನೆರಡನೆಯ ನೌಕರ:
ಎಲ್ಲ ಕೆಲಸ ಅವನ ಹೆಗಲಿಗೆ,
ಸಂಬಳವಿಲ್ಲ, ಹಾಜರಿಯೂ ಇಲ್ಲ.

ಎದುವೀನಾ ಬಾರ್ರಿಯಾ ಬಂದ ಮೊದಲ ವಾರವೇ
ಕುರ್ಚಿಗಳನ್ನೆತ್ತಿ ಹೊರಗಿಟ್ಟಳು.
ಕಪ್ಪುಹಲಗೆಯ ಮೇಲೆ ಮೂರೇ ಸಾಲು,
ಸಾಲಿನ ಬಾಲಕ್ಕೊಂದು ಹೆಸರು, ಒಂದು ದಿನ.
ಬಾಯ್ಲರಿನ ಕವಾಟ, ಒಯಾರ್ಸೊ, ಗುರುವಾರ.
'ಯಾರಾದರೂ ಮಾಡಿ ಅಂದರೆ
ಯಾರೂ ಮಾಡಬೇಡಿ ಅಂದಹಾಗೆ,' ಅಂದಳು.
ಸಾಹೇಬರ ಕಾಗದ ಗೋಡೆಗೆ, ಓದುವವರು ಓದಿಕೊಳ್ಳಲಿ.
ಕಿರಿಯರು ಮೊದಲು ಮಾತಾಡಲಿ, ಮೇಸ್ತ್ರಿ ಕೊನೆಗೆ.
ಏಳೂವರೆಗೆ ದೋಣಿ ಕೂಗುತ್ತದೆ; ಕೂಗಿದರೆ ಮುಗಿಯಿತು.
'ಇನ್ನೊಂದೇ ಒಂದು ವಿಷಯ' ಎಂದರೆ
ಉಬ್ಬರ ನಿಂತು ಕೇಳುವುದಿಲ್ಲ.

ಮೇ ತಿಂಗಳಲ್ಲಿ ಒಂದೂ ಲೋಡು ತಪ್ಪಲಿಲ್ಲ.
ಸಭೆ ಹದಿನಾಲ್ಕು ನಿಮಿಷಕ್ಕಿಳಿಯಿತು, ಆಮೇಲೆ ಹನ್ನೊಂದಕ್ಕೆ.
ಅವಳು ನೋಟುಬುಕ್ಕಿನಲ್ಲಿ ಬರೆದಿಟ್ಟಳು,
ಓಟಗಾರ್ತಿ ತನ್ನ ದಾಖಲೆ ತಾನೇ ಮುರಿದ ಹಾಗೆ.

ಜುಲೈ. ಹೊರಗೆ ಹಲ್ಲು ಕಟಕಟಿಸುವ ಚಳಿ.
ಶೈತ್ಯಾಗಾರದ ನಾವೆಲ್ಕಿನ್ ಟೋಪಿ ಹಿಸುಕುತ್ತ ಶುರುಮಾಡಿದ:
'ನಮ್ಮಮ್ಮ ಈಚೆಗೆ ರಾತ್ರಿ ಎದ್ದು ನಡೆಯುತ್ತಾಳೆ...'
ಎದುವೀನಾ ಸೀಮೆಸುಣ್ಣದಿಂದ ಹಲಗೆ ತಟ್ಟಿದಳು.
'ವಿಷಯಕ್ಕೆ ಬಾ.'
ಅವನು ಬಂದ. 'ಐಸು ಸಾಕಷ್ಟಿದೆ,' ಎಂದ.

ಬುಧವಾರ ರಾತ್ರಿ ಎರಡಕ್ಕೆ ಯಂತ್ರ ನಿಂತಾಗ
ಕಾವಲಿಗೆ ಯಾರೂ ಇರಲಿಲ್ಲ.
ಅವನು ಕಲ್ಲುದಂಡೆಯಲ್ಲಿ ಲಾಟೀನು ಹಿಡಿದು
ಅಮ್ಮನ ಬರಿಗಾಲ ಹೆಜ್ಜೆ ಹುಡುಕುತ್ತಿದ್ದ.
ಆರು ಟನ್ನು ಚಿಪ್ಪು. ನಾತ ಇಗರ್ಜಿಯ ಮೆಟ್ಟಿಲವರೆಗೆ.

ವಿಷಯಕ್ಕೇ ಬರುತ್ತಿದ್ದನಲ್ಲ, ಪಾಪ,
ಅಮ್ಮನ ಮನೆಯ ದಾರಿಯಿಂದ ಬರುತ್ತಿದ್ದ, ಅಷ್ಟೇ.

ಮುಂದಿನ ಮಂಗಳವಾರ ಕುರ್ಚಿಗಳೇನೂ ವಾಪಸು ಬರಲಿಲ್ಲ.
ತಪ್ಪು ನನ್ನದು ಎಂದಳು ಎಲ್ಲರೆದುರು, ಎರಡೇ ವಾಕ್ಯ.
ರಾತ್ರಿ ಪಾಳಿಗೆ ಒಯಾರ್ಸೊ ಹೆಸರು ಬರೆದಳು.
ಆಮೇಲೆ ಹಲಗೆಯ ಬುಡದಲ್ಲಿ ನಾಲ್ಕು ಎಂಬ ಅಂಕಿ,
ಅದರ ಮುಂದೆ ಏನೂ ಇಲ್ಲ.

ಮೊದಲ ವಾರ ಅಲ್ಲಿ ಒಲೆಯ ಚಟಪಟ ಮಾತ್ರ.
ಎರಡನೆಯ ವಾರ ಯಾರೋ ಕೆಮ್ಮಿದರು.
ಮೂರನೆಯ ವಾರ, ಅಯ್ಯೋ ದೇವರೇ,
ಕದ್ದ ಕೈಗವಸು ಮತ್ತೆ ತಲೆಯೆತ್ತಿತು.
ಅವಳು ತುಟಿ ಕಚ್ಚಿ ಕೇಳಿಸಿಕೊಂಡಳು.

ಐದನೆಯ ವಾರ, ಏಳೂ ಇಪ್ಪತ್ತೊಂಬತ್ತಕ್ಕೆ,
ಬಾಗಿಲ ಸಂದಿಯಲ್ಲಿ ಒಂಬತ್ತು ವರ್ಷ ಸುಮ್ಮನೆ ನಿಂತ ಸುನಿಲ್ದಾ
ನೆಲ ನೋಡುತ್ತ ಹೇಳಿದಳು:
'ಚಾಕುವಿನ ಹಿಡಿ ದಪ್ಪ. ಗಂಡಸರ ಕೈಗೆ ಮಾಡಿದ್ದು.
ನಮ್ಮ ಸಾಲಿನಲ್ಲಿ ಎಲ್ಲರಿಗೂ ಮಣಿಕಟ್ಟು ನೋವು.'

ದೋಣಿ ಕೂಗಿತು.
ಯಾರೂ ಕದಲಲಿಲ್ಲ. ಅವಳು ಬೆರಳು ಅಗಲಿಸಿ
ಅಳತೆ ತೋರಿಸುತ್ತಿದ್ದಳು.
ಎದುವೀನಾ ಖಾಲಿ ಸಾಲನ್ನು ತುಂಬಿ
ಬಾಲಕ್ಕೆ ತನ್ನ ಹೆಸರನ್ನೇ ಬರೆದಳು.
ದಿನ: ಇವತ್ತು.